ಆರುನೂರು ರೂಪಾಯಿ ಹಾಸಿಗೆಗೆ ಎಷ್ಟು ಸ್ಟಾರ್?

ಬೆಂಗಳೂರಿನ ಆಫೀಸುಗಳಲ್ಲಿ ಕೊಪ್ಪಳದವರಿಗೆ ವರ್ಷಕ್ಕೊಮ್ಮೆ ಇದ್ದಕ್ಕಿದ್ದಂಗೆ ಬೇಡಿಕೆ ಬರ್ತದೆ. ದೀಪಾವಳಿ ಹತ್ರ ಬಂತು ಅಂದ್ರೆ ಟೀಮಿನಲ್ಲಿ ಯಾರಾದ್ರೂ ಹಂಪಿ ಪ್ಲಾನ್ ಹಾಕ್ತಾರೆ. ಆಮೇಲೆ ಶುರು: “ನೀನು ಆ ಕಡೆಯವನೇ ಅಲ್ವಾ, ಸಾಣಾಪುರದಲ್ಲಿ ಒಳ್ಳೇ ಹಾಸ್ಟೆಲ್ ಯಾವ್ದು ಹೇಳೋ.” ನಮ್ಮೂರು ಇರೋದು ಯಲಬುರ್ಗಾ ತಾಲ್ಲೂಕಿನಲ್ಲಿ. ಸಜ್ಜೆ, ಶೇಂಗಾ, ಕಡಲೆ ಬೆಳೆಯೋ ಒಣಭೂಮಿ. ಸಾಣಾಪುರ ಗಂಗಾವತಿ ತಾಲ್ಲೂಕು, ನೀರಾವರಿ ಸೀಮೆ. ನಮ್ಮೂರಿಂದ ಅಲ್ಲಿಗೆ ಹೋಗೋಕೆ ಬಸ್ ಬದಲಿಸ್ಕೊಂಡು ಅರ್ಧ ದಿನ ಬೇಕು. ಆದ್ರೂ ಕೇಳಿದವರಿಗೆ ಇಲ್ಲ ಅನ್ನೋಕಾಗಲ್ಲ. ಹೀಗಾಗಿ ಕೆಲವು ವರ್ಷಗಳಿಂದ ಆ ಭಾಗದ ಹಾಸ್ಟೆಲ್, ಹೋಮ್‌ಸ್ಟೇ, ಗೆಸ್ಟ್‌ಹೌಸುಗಳ ರಿವ್ಯೂ ಓದ್ತಾ ಬಂದಿದ್ದೇನೆ. ಈಗ ಅದು ಚಟವೇ ಆಗಿದೆ.

ನಾವು ಪುಸ್ತಕ ವಿಮರ್ಶೆ ಮಾಡ್ತೀವಿ, ಸಿನಿಮಾ ವಿಮರ್ಶೆ ಮಾಡ್ತೀವಿ. ದಿನಾ ಓದಿ, ನಂಬಿ, ದುಡ್ಡು ಕಟ್ಟೋ ಈ ರಿವ್ಯೂಗಳನ್ನ ಮಾತ್ರ ಬರವಣಿಗೆ ಅಂತ ಯಾರೂ ನೋಡಲ್ಲ. ನನ್ನ ಪ್ರಕಾರ ಅದೂ ಒಂದು ಸಾಹಿತ್ಯ ಪ್ರಕಾರವೇ. ಹೊರಗಿನವರು ನಮ್ಮ ಜಿಲ್ಲೆ ಬಗ್ಗೆ ಓದೋದು ಬಹುತೇಕ ಇದೊಂದನ್ನೇ. ಹಾಗಾಗಿ ಅದನ್ನೂ ಸ್ವಲ್ಪ ತೂಗಿ ನೋಡಬೇಕು. ನನ್ನ ತಕರಾರು ಇಷ್ಟು: ಈ ಬರವಣಿಗೆ ಹಾಸಿಗೆಯಿಂದ ಗೇಟಿನ ತನಕ ಮಾತ್ರ ನೋಡ್ತದೆ. ಗೇಟಿನ ಆಚೆ ಯಾರ ಜಮೀನಿದೆ, ಯಾವ ಕಾನೂನಿದೆ, ರಾತ್ರಿ ದಾರಿ ಹೆಂಗಿದೆ ಅಂತ ಹೇಳಲ್ಲ. ಅದರ ಬೆಲೆಯನ್ನ ಊರಿನವರೂ ಕಟ್ಟಿದ್ದಾರೆ, ಬಂದವರೂ ಕಟ್ಟಿದ್ದಾರೆ.

ಮೊದಲು ಹಾಸ್ಟೆಲ್ ಅನ್ನೋ ಪದದ ಬಗ್ಗೆ ಎರಡು ಮಾತು. ಕುಷ್ಟಗಿ, ಯಲಬುರ್ಗಾ ಕಡೆ ಹಳ್ಳಿಯಲ್ಲಿ ಬೆಳೆದವರಿಗೆ ಹಾಸ್ಟೆಲ್ ಅಂದ್ರೆ ಓದೋ ಹುಡುಗರು ಇರೋ ಜಾಗ. ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣದ ಹಾಸ್ಟೆಲ್, ಇಲ್ಲಾ ಕೊಪ್ಪಳದ ಗವಿಮಠ ಬಡ ಮಕ್ಕಳಿಗೆ ನಡೆಸೋ ಉಚಿತ ಹಾಸ್ಟೆಲ್. ಒಂದು ಟ್ರಂಕು, ಒಂದು ಗಂಗಾಳ, ಬೆಳಗ್ಗೆ ನೀರಿಗೆ ಸಾಲು. ಸಾರು ಹೆಂಗಿತ್ತು ಅಂತ ನಮ್ಮನ್ನ ಕೇಳಿದವರು ಯಾರೂ ಇಲ್ಲ. ಆಮೇಲೆ ಬೆಂಗಳೂರಿಗೆ ಬಂದ್ವಿ, ಪಿಜಿ ಸೇರಿದ್ವಿ. ಅಲ್ಲಿ ಸಿಟ್ಟು ಬಂದ್ರೆ ಒಂದು ಸ್ಟಾರ್ ಹಾಕೋ ಸ್ವಾತಂತ್ರ್ಯ ಸಿಕ್ತು. ಮೂರನೆಯದು ಈಗಿನ ಬ್ಯಾಕ್‌ಪ್ಯಾಕರ್ ಹಾಸ್ಟೆಲ್: ಡಾರ್ಮಿನಲ್ಲಿ ಒಂದು ಬಂಕ್ ಬೆಡ್, ಒಂದು ಲಾಕರ್, ಗೋಡೆ ಮೇಲೆ ಚಿತ್ರ, ಕೆಳಗೆ ಗಾದಿ ಹಾಕಿದ ಕೆಫೆ. ಆರುನೂರು ರೂಪಾಯಿ ಕೊಟ್ಟು ರಾತ್ರಿ ಮಲಗಿ, ಬೆಳಗ್ಗೆ ಅಭಿಪ್ರಾಯ ಬರೆಯೋ ಜಾಗ.

ತಮಾಷೆ ಅಂದ್ರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಮೂಲದಲ್ಲಿ ನಂಟಿದೆ. ಜಗತ್ತಿನ ಮೊದಲ ಯೂತ್ ಹಾಸ್ಟೆಲ್ಲನ್ನು 1912ರಲ್ಲಿ ಜರ್ಮನಿಯ ಆಲ್ಟೆನಾ ಕೋಟೆಯಲ್ಲಿ ಶುರು ಮಾಡಿದವರು ರಿಚರ್ಡ್ ಶಿರ್ಮನ್ ಅನ್ನೋ ಶಾಲಾ ಮಾಸ್ತರರು. ಊರು ನೋಡೋಕೆ ನಡ್ಕೊಂಡು ಹೊರಟ ಹುಡುಗರು ರಾತ್ರಿ ಎಲ್ಲಿ ಮಲಗಬೇಕು ಅನ್ನೋದು ಅವರ ಚಿಂತೆಯಾಗಿತ್ತು. ಯೂತ್ ಹಾಸ್ಟೆಲ್ಲುಗಳಲ್ಲಿ ಎಷ್ಟೋ ಕಾಲ ಬಂದವರೇ ಕಸ ಗುಡಿಸಿ, ಪಾತ್ರೆ ತೊಳೆದು ಹೋಗೋ ರೂಢಿಯಿತ್ತು. ಅಗ್ಗದ ಬೆಲೆಗೆ ಕಾರಣ ಅದು. ಈಗಲೂ ಬೆಲೆ ಅಗ್ಗವೇ. ಕಸ ಗುಡಿಸೋರು ಮಾತ್ರ ಬೇರೆ.

ರಿವ್ಯೂಗಳಿಗೆ ಸಲ್ಲಬೇಕಾದ ಮರ್ಯಾದೆಯನ್ನ ಮೊದಲು ಸಲ್ಲಿಸೋಣ. ಮೊದಲೆಲ್ಲ ಪರವೂರಿಗೆ ಹೋದ್ರೆ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜೇ ಗತಿ. ಬಾಗಿಲು ತೆಗೆದು ಒಳಗೆ ಕಾಲಿಡೋ ತನಕ ಏನೂ ಗೊತ್ತಾಗ್ತಿರಲಿಲ್ಲ. ಈಗ ಹುಬ್ಬಳ್ಳಿಯಲ್ಲೋ ಹೈದರಾಬಾದಿನಲ್ಲೋ ಕೂತ ಹುಡುಗಿಯೊಬ್ಬಳು, ಸಾಣಾಪುರದ ಯಾವ ಹಾಸ್ಟೆಲ್ಲಿನಲ್ಲಿ ಹೆಣ್ಮಕ್ಕಳ ಡಾರ್ಮ್ ಬೇರೆ ಇದೆ, ಯಾವ ಬಾತ್‌ರೂಮಿನ ಚಿಲಕ ಸರಿಯಿಲ್ಲ ಅಂತ ಹೊರಡೋ ಮೊದಲೇ ತಿಳ್ಕೋಬಹುದು. ಬೆಡ್‌ಶೀಟ್ ಬಗ್ಗೆ ಮೂರು ಜನ ಬರೆದ್ರೆ ನಾಲ್ಕನೆಯವರು ಬರೋ ಹೊತ್ತಿಗೆ ಶೀಟ್ ಬದಲಾಗಿರ್ತದೆ. ಯಾವ ಇಲಾಖೆಯ ಇನ್‌ಸ್ಪೆಕ್ಷನ್ನೂ ಇಷ್ಟು ಬೇಗ ಕೆಲಸ ಮಾಡಲ್ಲ. ಇದು ಸಣ್ಣ ಮಾತಲ್ಲ.

ತೊಂದರೆ ಇರೋದು ಅಚ್ಚಿನಲ್ಲಿ. ನನ್ನ ಕಸುಬಿನ ಮಾತಲ್ಲಿ ಹೇಳೋದಾದ್ರೆ, ಡೇಟಾಬೇಸಿನ ಟೇಬಲ್ಲಲ್ಲಿ ಕಾಲಂ ಇಲ್ಲದ ವಿಷಯ ಆ ಸಿಸ್ಟಮ್ಮಿನ ಮಟ್ಟಿಗೆ ಜಗತ್ತಿನಲ್ಲೇ ಇಲ್ಲ. ಬುಕಿಂಗ್ ಡಾಟ್ ಕಾಮ್ ಕೇಳೋದು ಸಿಬ್ಬಂದಿ, ಸೌಲಭ್ಯ, ಸ್ವಚ್ಛತೆ, ಆರಾಮ, ಕೊಟ್ಟ ಕಾಸಿಗೆ ಬೆಲೆ, ಲೊಕೇಶನ್, ವೈಫೈ. ಹಾಸ್ಟೆಲ್‌ವರ್ಲ್ಡ್‌ನಲ್ಲಿ ಇವುಗಳಲ್ಲಿ ಕೆಲವುಗಳ ಜೊತೆ ಸೆಕ್ಯುರಿಟಿ, ಅಟ್ಮಾಸ್ಫಿಯರ್ ಅಂತ ಎರಡು ಕಾಲಂ ಇವೆ. ಎಲ್ಲವೂ ಉಳಿದುಕೊಂಡವನಿಗೆ ಏನು ಸಿಕ್ತು ಅನ್ನೋ ಪ್ರಶ್ನೆಗಳೇ. ಅಲ್ಲಿರೋರಿಗೆ ಏನಾಯ್ತು ಅನ್ನೋ ಪ್ರಶ್ನೆ ಒಂದೂ ಇಲ್ಲ.

ಅಂಕಗಳಾದ್ರೂ ನಂಬೋ ಹಂಗಿವೆಯಾ? ಬಾಸ್ಟನ್ ವಿಶ್ವವಿದ್ಯಾಲಯದ ಜಾರ್ಜಿಯೋಸ್ ಜರ್ವಾಸ್ ಮತ್ತು ಅವರ ಇಬ್ಬರು ಸಂಗಡಿಗರು 2015ರಲ್ಲಿ ಏರ್‌ಬಿಎನ್‌ಬಿಯ ಲಕ್ಷಗಟ್ಟಲೆ ಮನೆಗಳ ರೇಟಿಂಗ್ ಲೆಕ್ಕ ಹಾಕಿದ್ರು. ಸುಮಾರು 95% ಮನೆಗಳ ಸರಾಸರಿ ನಾಲ್ಕೂವರೆ, ಇಲ್ಲಾ ಐದು ಸ್ಟಾರ್. ಎಲ್ಲರೂ ಸರಾಸರಿಗಿಂತ ಮೇಲಿದ್ದಾರೆ ಅಂತ ಪ್ರಬಂಧದ ತಲೆಬರಹದಲ್ಲೇ ಚೇಷ್ಟೆ ಮಾಡಿದ್ದಾರೆ. ಅಪ್ರೈಸಲ್ಲಿನಲ್ಲಿ ಬೆಲ್ ಕರ್ವ್ ಏಟು ತಿಂದ ನಮ್ಮಂಥವರಿಗೆ ಇದನ್ನ ಓದಿ ಹೊಟ್ಟೆ ಉರಿದಿದ್ರೆ ಆಶ್ಚರ್ಯ ಇಲ್ಲ.

ನಮ್ಮ ಭಾಗದ ಭಾಷೆ ಇದಕ್ಕೆ ಪೂರಾ ಉಲ್ಟಾ. ಗಂಗಾವತಿ, ಕುಷ್ಟಗಿಯ ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜುಗಳಲ್ಲಿ ಉಳಿಯೋರು ಬೀಜ-ಗೊಬ್ಬರದ ಕಂಪನಿಯವರು, ಅಕ್ಕಿ ವ್ಯಾಪಾರಕ್ಕೆ ಬಂದವರು, ಮದುವೆಗೆ ಬಂದ ಬೀಗರು. ಅಂಥವರನ್ನ “ಹೆಂಗಿತ್ರೀ ಲಾಡ್ಜು?” ಅಂತ ಕೇಳಿ ನೋಡಿ. “ಅಡ್ಡಿಯಿಲ್ರೀ” ಅಂತಾರೆ. ಮುಗೀತು. ನೀರಿತ್ತು, ಫ್ಯಾನ್ ತಿರುಗ್ತು, ತಿಗಣೆ ಕಚ್ಚಲಿಲ್ಲ, ದುಡ್ಡು ಜಾಸ್ತಿ ಕೀಳಲಿಲ್ಲ, ಇನ್ನೊಮ್ಮೆ ಬಂದ್ರೆ ಇಲ್ಲೇ ಇಳೀತೀನಿ ಅನ್ನೋದೆಲ್ಲ ಆ ಒಂದೇ ಮಾತಲ್ಲಿದೆ. ಅದನ್ನ ಆ್ಯಪ್‌ನಲ್ಲಿ ಹಾಕಿದ್ರೆ ಮೂರು ಸ್ಟಾರ್ ಆಗ್ತದೆ. ಮೂರು ಸ್ಟಾರ್ ಬಿದ್ರೆ ಮಾಲೀಕನ ಬುಕಿಂಗಿಗೆ ಕುತ್ತು. ಅದಕ್ಕೇ ಚೆಕ್‌ಔಟ್ ಹೊತ್ತಿಗೆ ಹುಡುಗ ಬ್ಯಾಗ್ ಹಿಡ್ಕೊಂಡು ಬಂದು, “ಸರ್, ಐದ್ ಸ್ಟಾರ್ ಹಾಕ್ರಿ ಸರ್, ಹಂಗs ನನ್ನ ಹೆಸರೂ ಬರೀರಿ” ಅಂತಾನೆ. ನಾವು ಬರೀತೀವಿ. ಅದು ವಿಮರ್ಶೆ ಅಲ್ಲ, ಟಿಪ್ಸು.

ಇನ್ನು ತಕರಾರುಗಳನ್ನ ನೋಡಿ. ಗದ್ದೆಯ ನೋಟಕ್ಕೆ ಐದು ಸ್ಟಾರ್, ಸೊಳ್ಳೆಗೆ ಒಂದು ಕಡಿತ. ಎರಡೂ ಒಂದೇ ನೀರಿನಿಂದ ಬಂದದ್ದು. ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಇರೋದು ಭತ್ತಕ್ಕೆ, ಕೆಫೆಯ ಮುಂದಿನ ಹಸಿರಿಗಲ್ಲ. ಕೊಯ್ಲು ಮುಗಿದ ಮೇಲೆ ಬಂದವರು ಫೋಟೋದಲ್ಲಿದ್ದಂಗೆ ಹಸಿರಿಲ್ಲ, ಮೋಸ ಅಂತ ಬರೀತಾರೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ನೀರು ಹರಿದು ಹೋದಾಗ ಎರಡನೇ ಬೆಳೆ ಗತಿ ಏನು ಅಂತ ನಾಲ್ಕು ಜಿಲ್ಲೆ ರೈತರಿಗೆ ನಿದ್ದೆ ಬರಲಿಲ್ಲ. ನದಿಗೆ ನೀರು ಬಿಟ್ಟಾಗ ರಿವ್ಯೂದಲ್ಲಿ ಅದು “ತೆಪ್ಪ ಬಂದ್, ಬೇಜಾರಾಯ್ತು” ಅನ್ನೋ ಒಂದು ಸಾಲು.

ಇನ್ನೊಂದು ದೂರು ವಿದೇಶಿಯರದು: ಪಾಸ್‌ಪೋರ್ಟ್ ಕೇಳಿದ್ರು, ವೀಸಾ ಫೋಟೋ ತಗೊಂಡ್ರು, ನೂರೆಂಟು ಪ್ರಶ್ನೆ, ಒರಟು ಜನ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಫಾರ್ಮ್ ತುಂಬಿ ಸರ್ಕಾರಕ್ಕೆ ತಿಳಿಸೋದು ಮಾಲೀಕನ ಕರ್ತವ್ಯ, ಭಾರತದ ಕಾನೂನು. ಪಾಪ, ಕಾನೂನು ಪಾಲಿಸಿದವನಿಗೆ ಸ್ಟಾರ್ ಕಡಿಮೆ. ಏನೂ ಕೇಳದೆ ರೂಮ್ ಕೊಟ್ಟವನಿಗೆ “ಸೂಪರ್ ಚಿಲ್” ಅನ್ನೋ ಬಿರುದು.

ಇಲ್ಲಿಯವರೆಗೆ ನಗಬಹುದು. ಮುಂದಿನದಕ್ಕೆ ನಗೋಕಾಗಲ್ಲ.

ವಿರೂಪಾಪುರ ಗಡ್ಡಿ ಹೆಸರು ಕೇಳಿರ್ತೀರಿ. ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಡ, ಗಂಗಾವತಿ ತಾಲ್ಲೂಕು. ಟೂರಿಸ್ಟುಗಳ ಬಾಯಲ್ಲಿ “ಹಿಪ್ಪಿ ಐಲ್ಯಾಂಡ್”. ಹುಲ್ಲಿನ ಛಾವಣಿ, ಜೋಕಾಲಿ, ಹೀಬ್ರೂ ಅಕ್ಷರದ ಮೆನು ಬೋರ್ಡು, ಬಂಡೆ ಹತ್ತೋಕೆ ಬೆನ್ನಿಗೆ ಮ್ಯಾಟ್ರೆಸ್ ಕಟ್ಕೊಂಡು ಹೊರಡೋ ಹುಡುಗರು. ಅಗ್ಗದ ವಸತಿಯ ಲೋಕದಲ್ಲಿ ನಮ್ಮ ಜಿಲ್ಲೆಗಿದ್ದ ಒಂದೇ ಒಂದು ಅಂತರರಾಷ್ಟ್ರೀಯ ಹೆಸರು ಅದು. ಅಲ್ಲಿಯ ರಿವ್ಯೂಗಳಲ್ಲಿ ಕಾಯಂ ದೂರು ಒಂದಿತ್ತು: ಸಂಜೆ ಆದ್ರೆ ಬೋಟ್ ಇಲ್ಲ, ತಪ್ಪಿದ್ರೆ ಹತ್ತಾರು ಕಿಲೋಮೀಟರ್ ಸುತ್ತಿ ಬರಬೇಕು.

ಬೋಟೇ ಯಾಕೆ, ಸೇತುವೆ ಯಾಕಿಲ್ಲ? ಹಂಪಿ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿ ಹತ್ತಿರ ಹೊಸ ಸೇತುವೆ ಕಟ್ಟೋಕೆ ಹೊರಟಿದ್ದು ಸ್ಮಾರಕಗಳ ಪರಿಸರಕ್ಕೆ ಧಕ್ಕೆ ಅಂತ 1999ರಲ್ಲಿ ಅದೇ ಯುನೆಸ್ಕೋ ಹಂಪಿಯನ್ನ ಅಪಾಯದ ಪಟ್ಟಿಗೆ ಹಾಕಿತು. 2006ರಲ್ಲಿ ಆ ಪಟ್ಟಿಯಿಂದ ತೆಗೀತು. ನಿಂತು ನಿಂತು ಸಾಗಿದ ಆ ಸೇತುವೆ 2009ರ ಜನವರಿಯಲ್ಲಿ ಕೆಲಸ ನಡೀತಿರುವಾಗಲೇ ಕುಸಿದು ಬಿತ್ತು. ಕೂಲಿ ಕೆಲಸದವರು ಸತ್ತರು. ಟೂರಿಸ್ಟಿಗೆ ಅರ್ಧ ಸ್ಟಾರಿನ ಕಿರಿಕಿರಿಯಾದದ್ದು ಆ ದಡದ ಹಳ್ಳಿಗಳಿಗೆ ಆಸ್ಪತ್ರೆಯ ದಾರಿ, ಕಾಲೇಜಿನ ದಾರಿ, ಸಂತೆಯ ದಾರಿ.

ಗಡ್ಡಿಯ ಬುಡ ಗಟ್ಟಿಯಿಲ್ಲ ಅನ್ನೋದು ಗುಟ್ಟೇನೂ ಆಗಿರಲಿಲ್ಲ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಬಂದಿದ್ದು 2002ರಲ್ಲಿ. ಅಲ್ಲಿಯ ಕಟ್ಟಡಗಳನ್ನ ಅನುಮತಿ ಇಲ್ಲದೆ ಕಟ್ಟಿದ್ದಾರೆ ಅಂತ ಪ್ರಾಧಿಕಾರ ತೆರವಿಗೆ ಹೊರಟಿತು. ಮಾಲೀಕರು ಕೋರ್ಟಿಗೆ ಹೋದ್ರು. 2015ರಲ್ಲಿ ಹೈಕೋರ್ಟ್ ತೀರ್ಪು ಅವರಿಗೆ ವಿರುದ್ಧ ಬಂತು. ಸುಪ್ರೀಂ ಕೋರ್ಟಿಗೆ ಹೋದ್ರು. 2020ರ ಫೆಬ್ರವರಿ 11ರಂದು ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರಿದ್ದ ಪೀಠ ಹೈಕೋರ್ಟಿನ ತೀರ್ಪನ್ನೇ ಎತ್ತಿ ಹಿಡಿದು, ಒಂದು ತಿಂಗಳಲ್ಲಿ ತೆರವು ಮಾಡಿ ಅಂದಿತು. ಮಾರ್ಚ್ ಮೊದಲ ವಾರಗಳಲ್ಲಿ ಜೆಸಿಬಿ ಬಂದವು. ಅದಾದ ಕೆಲವೇ ದಿನಕ್ಕೆ ಲಾಕ್‌ಡೌನ್.

2015ರಿಂದ 2020ರ ತನಕ ಅಲ್ಲಿ ಉಳಿದವರು ಬರೆದದ್ದನ್ನ ಓದಿ ನೋಡಿ. ಪ್ಯಾನ್‌ಕೇಕ್ ಬಗ್ಗೆ ಇದೆ, ಸೂರ್ಯಾಸ್ತದ ಬಗ್ಗೆ ಇದೆ, ವೈಫೈ ಬಗ್ಗೆ ಇದೆ. ಹೈಕೋರ್ಟ್ ಒಡೀರಿ ಅಂದಿರೋ ಕಟ್ಟಡದಲ್ಲಿ ನಾವು ಮಲಗಿದ್ದೀವಿ ಅನ್ನೋ ಮಾತು ನಾನು ಓದಿದವುಗಳಲ್ಲಿ ಎಲ್ಲೂ ಸಿಗಲಿಲ್ಲ. ಲೊಕೇಶನ್ನಿಗೆ ಮಾತ್ರ ಪೂರ್ತಿ ಅಂಕ. ಕೋರ್ಟಿನಲ್ಲಿದ್ದದ್ದೇ ಆ ಲೊಕೇಶನ್ ಪ್ರಶ್ನೆ.

ಕೋರ್ಟ್ ತಪ್ಪು ಮಾಡಿತು ಅಂತ ನಾನು ಹೇಳ್ತಿಲ್ಲ. ವಿಜಯನಗರದ ಅವಶೇಷಗಳ ನಡುವೆ ಸಿಕ್ಕಸಿಕ್ಕಲ್ಲಿ ಕಟ್ಟಡ ಎಬ್ಬಿಸಿದ್ರೆ ನಾಳೆ ನೋಡೋಕೆ ಏನೂ ಉಳಿಯಲ್ಲ. ಆದ್ರೆ ಗಡ್ಡಿಯಲ್ಲಿ ಬೆಡ್‌ಶೀಟ್ ಒಗೆಯೋರು, ಅಡುಗೆಯವರು, ಬೋಟಿನವರು, ಆಟೋದವರು ಆ ರೇಟಿಂಗುಗಳನ್ನ ನೋಡಿ ಇದು ಗಟ್ಟಿ ದುಡಿಮೆ ಅಂತ ನಂಬಿದ್ರು. ನಾಲ್ಕೂವರೆ ಸ್ಟಾರ್ ಇರೋ ಕಡೆ ಕೆಲಸ ಹೋಗ್ತದೆ ಅಂತ ಯಾರಿಗೆ ಅನ್ನಿಸ್ತದೆ? ಸಾವಿರ ರಿವ್ಯೂ ಸೇರಿದ್ರೂ ಒಂದು ಪಹಣಿ ಹೇಳೋ ಸತ್ಯ ಹೇಳಲಿಲ್ಲ.

ಗಡ್ಡಿ ಹೋದ ಮೇಲೆ ಜನ, ದುಡ್ಡು, ಗಾದಿ ಹಾಕಿದ ಕೆಫೆ ಎಲ್ಲಾ ಸಾಣಾಪುರ, ಆನೆಗೊಂದಿ ಕಡೆ ಬಂದವು. ಈ ಹಳ್ಳಿಗಳಿಗೂ ಪ್ರಾಧಿಕಾರದ ನಿಯಮ ಇದೆ. ರಿವ್ಯೂದ ಭಾಷೆಯೂ ಹಳೆಯದೇ ಮುಂದುವರೀತು. ಅದರಲ್ಲಿ ಮತ್ತೆ ಮತ್ತೆ ಬರೋ ಒಂದು ಮಾತು ಕ್ಲಿಫ್ ಜಂಪಿಂಗ್, ಬಂಡೆ ಮೇಲಿಂದ ನೀರಿಗೆ ಹಾರೋದು. ತುಂಗಭದ್ರೆಯ ಆ ಪಾತ್ರದಲ್ಲಿ ನೀರಿನ ಕೆಳಗೂ ಬಂಡೆಗಳೇ. ಸೆಳವು ಎಲ್ಲಿದೆ ಅಂತ ಹೊಸಬರಿಗೆ ಕಾಣಲ್ಲ. 2025ರ ಫೆಬ್ರವರಿಯಲ್ಲಿ ಸಾಣಾಪುರದ ಹತ್ತಿರ ಹೀಗೇ ನದಿಗೆ ಹಾರಿದ ಹೈದರಾಬಾದಿನ ಯುವ ವೈದ್ಯೆಯೊಬ್ಬರು ತಿರುಗಿ ಬರಲಿಲ್ಲ.

ಮುಂದಿನ ತಿಂಗಳು, ಮಾರ್ಚ್ 6ರ ರಾತ್ರಿ, ಸಾಣಾಪುರ ಕೆರೆ ಹತ್ತಿರ ಕಾಲುವೆ ದಂಡೆಯಲ್ಲಿ ನಕ್ಷತ್ರ ನೋಡ್ತಾ ಕೂತಿದ್ದ ಐವರ ಮೇಲೆ ದಾಳಿ ಆಯ್ತು. ಒಬ್ಬ ವಿದೇಶಿ ಪ್ರವಾಸಿ ಮತ್ತು ಅವರನ್ನ ಕರ್ಕೊಂಡು ಹೋಗಿದ್ದ ಹೋಮ್‌ಸ್ಟೇ ಮಹಿಳೆ, ಇಬ್ಬರ ಮೇಲೂ ಅತ್ಯಾಚಾರ ನಡೀತು. ಜೊತೆಗಿದ್ದ ಗಂಡಸರನ್ನ ಕಾಲುವೆಗೆ ತಳ್ಳಿದ್ರು, ಒಡಿಶಾದ ಯುವಕ ಸತ್ತ. ಪಾತಕ ಮಾಡಿದವರದ್ದು, ಅದರಲ್ಲಿ ಎರಡು ಮಾತಿಲ್ಲ. ಯಾವ ರಿವ್ಯೂನಿಂದ ಅದು ತಪ್ಪುತ್ತಿತ್ತು ಅಂತಲೂ ನಾನು ಹೇಳಲ್ಲ. ನಾನು ಕೇಳೋದು ಬೇರೆ. ಸೆಕ್ಯುರಿಟಿ ಅನ್ನೋ ಕಾಲಮ್ಮಿಗೆ ನಾವು ಅಂಕ ಕೊಡೋದು ಏನನ್ನ ನೋಡಿ? ಲಾಕರ್, ಗೇಟು, ಸಿಸಿಟಿವಿ. ಕಾಲುವೆ ದಾರಿಯಲ್ಲಿ ಲೈಟ್ ಇದೆಯಾ, ರಾತ್ರಿ ಫೋನ್ ಸಿಗ್ನಲ್ ಸಿಗ್ತದಾ, ಪೊಲೀಸ್ ಗಸ್ತು ಬರ್ತದಾ ಅನ್ನೋದಕ್ಕೆ ಅಲ್ಲಿ ಜಾಗ ಇಲ್ಲ. ಆ ರಾತ್ರಿ ದಾಳಿಗೊಳಗಾದವರಲ್ಲಿ ಅತಿಥಿಗಳೂ ಇದ್ರು, ಮನೆಯವರೂ ಇದ್ರು. ಗೇಟಿನ ಆಚೆ ಇಬ್ಬರ ಪಾಡೂ ಒಂದೇ.

ಇದಕ್ಕೆ ಉತ್ತರ ಊರನ್ನೇ ಬೈಯೋದಲ್ಲ. ಆ ವಾರ ನನ್ನ ಆಫೀಸಿನಲ್ಲಿ “ನಿಮ್ಮ ಕಡೆ ಜನ ಹಿಂಗಾ?” ಅಂತ ಕೇಳಿದವರು ಇದ್ರು. ನಾಲ್ಕು ತಿಂಗಳ ಹಿಂದೆ ಅವರೇ ಆ ಜಾಗವನ್ನ ಸ್ವರ್ಗ ಅಂದಿದ್ರು. ಸ್ವರ್ಗ ಅಂದಾಗಲೂ ಊರನ್ನ ನೋಡಿರಲಿಲ್ಲ, ನರಕ ಅಂದಾಗಲೂ ನೋಡಲಿಲ್ಲ.

ಕೆಲಸ ಮಾಡೋರ ವಿಷಯಕ್ಕೆ ಬರ್ತೀನಿ. ರಿವ್ಯೂದಲ್ಲಿ ಅವರು “ಫ್ರೆಂಡ್ಲಿ ಸ್ಟಾಫ್”. ಎಷ್ಟು ಹೊತ್ತಿಗೆ ಏಳ್ತಾರೆ, ಎಲ್ಲಿ ಮಲಗ್ತಾರೆ, ವಾರದ ರಜೆ ಇದೆಯಾ, ಯಾರೂ ಬರೆಯಲ್ಲ. ನಮ್ಮ ಕುಷ್ಟಗಿ, ಯಲಬುರ್ಗಾದವರಿಗೆ ಇದು ಮನೆ ಮಾತು. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯವರು ಗುಳೆ ಹೋಗ್ತಾರೆ, ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ. ಅಲ್ಲಿ ಅವರು ಇಳ್ಕೊಳ್ಳೋದು ತಗಡಿನ ಶೆಡ್ಡಿನಲ್ಲಿ. ಅದೂ ಅಗ್ಗದ ವಸತಿಯೇ, ಅದರಲ್ಲೂ ಹತ್ತು ಜನ ಒಂದೇ ಕೋಣೆ. ಬಾತ್‌ರೂಮ್ ಹೆಂಗಿದೆ ಅಂತ ಅವರನ್ನ ಕೇಳೋ ಆ್ಯಪ್ ಇನ್ನೂ ಬಂದಿಲ್ಲ. ನಾವು ವೀಕೆಂಡಿಗೆ ನಮ್ಮ ಜಿಲ್ಲೆಗೆ ಹೋಗಿ ಡಾರ್ಮಿನಲ್ಲಿ ಮಲಗಿ ಸೊಳ್ಳೆಗೆ ಸ್ಟಾರ್ ಕಡಿಮೆ ಮಾಡೋ ಹೊತ್ತಿಗೆ, ಅದೇ ಜಿಲ್ಲೆಯ ಜನ ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಶೆಡ್ಡಿನಲ್ಲಿ ಸೊಳ್ಳೆ ಹೊಡೀತಿರ್ತಾರೆ.

ಹಾಗಂತ ರಿವ್ಯೂ ಬರೆಯೋದು ಬಿಡಬೇಕಾ? ಬೇಡ. ಇನ್ನೂ ನಾಲ್ಕು ಸಾಲು ಜಾಸ್ತಿ ಬರೀರಿ. ಕಾಲಂ ಇಲ್ಲದಿದ್ರೂ ಕೆಳಗೆ ಖಾಲಿ ಡಬ್ಬಿ ಒಂದಿರ್ತದಲ್ಲ, ಅಲ್ಲಿ ಜಾಗ ಬೇಕಾದಷ್ಟಿದೆ. ಲೈಸೆನ್ಸ್ ಇದೆಯಾ ಅಂತ ಕೇಳೋದು ಅವಮಾನ ಅಲ್ಲ. ಸರಿ ಇಟ್ಕೊಂಡವರು ಖುಷಿಯಿಂದ ತೋರಿಸ್ತಾರೆ, ಯಾಕಂದ್ರೆ ಇಟ್ಕೊಳ್ಳದವರ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡಿ ಅವರಿಗೂ ಸಾಕಾಗಿರ್ತದೆ. ಕನ್ನಡದಲ್ಲಿ ಬರೆದ್ರೆ ಇನ್ನೂ ಒಳ್ಳೇದು. ಅಲ್ಲಿ ಕೆಲಸ ಮಾಡೋರೂ ಓದಬಹುದು, ತಪ್ಪಿದ್ರೆ ತಪ್ಪು ಅನ್ನಬಹುದು.

ಉದಾಹರಣೆಗೆ ಇಂಥದ್ದೊಂದು ಸಿಕ್ಕರೆ ನಾನು ಕಣ್ಮುಚ್ಚಿ ಫಾರ್ವರ್ಡ್ ಮಾಡ್ತೀನಿ:

“ಎಂಟು ಹಾಸಿಗೆಯ ಡಾರ್ಮ್. ಲಾಕರ್ ಇದೆ, ಬೀಗ ನೀವೇ ತರಬೇಕು. ಬಿಸಿನೀರು ಬೆಳಗ್ಗೆ ಮಾತ್ರ. ಸುತ್ತ ಭತ್ತದ ಗದ್ದೆ, ಹಾಗಾಗಿ ಸಂಜೆ ಸೊಳ್ಳೆ. ಲೈಸೆನ್ಸ್ ಕಾಪಿ ಕೌಂಟರ್ ಹಿಂದಿನ ಗೋಡೆಗೆ ಹಾಕಿದ್ದಾರೆ. ಕತ್ತಲಾದ ಮೇಲೆ ಕಾಲುವೆ ದಾರಿಯಲ್ಲಿ ಲೈಟ್ ಇಲ್ಲ, ಗಾಡಿ ಇದ್ದರೂ ಆ ಕಡೆ ಹೋಗಬೇಡಿ. ಎಲ್ಲಿಂದ ನೀರಿಗೆ ಹಾರಬಹುದು ಅಂತ ಕೇಳಿದ್ದಕ್ಕೆ ಮಾಲೀಕರು ಎಲ್ಲಿಂದಲೂ ಬೇಡ ಅಂದರು, ಯಾಕೆ ಅಂತಲೂ ಹೇಳಿದರು. ಅಡುಗೆಯವರು ಕುಷ್ಟಗಿ ಕಡೆಯವರು, ಬೆಳಗ್ಗೆ ಆರಕ್ಕೆ ಚಹಾ ಕೊಟ್ಟವರೇ ರಾತ್ರಿ ಹನ್ನೊಂದಕ್ಕೂ ಒಲೆ ಮುಂದಿದ್ದರು, ಇನ್ನೊಬ್ಬರು ಬೇಕು. ಜೋಳದ ರೊಟ್ಟಿ ಕೇಳಿದರೆ ಮಾಡಿಕೊಡುತ್ತಾರೆ, ಹಿಂದಿನ ದಿನವೇ ಹೇಳಿ. ಅಡ್ಡಿಯಿಲ್ಲ.”